ಕ್ಯಾಮೆರಾಕ್ಕಿಂತ ಮುಂಚೆ ಒಂದು ಬೋರ್ಡು

ರಸ್ತೆ ಬದಿ ಬೋರ್ಡು ನೆಟ್ಟು ಬಂದರೆ ಅದು ಸುಮ್ಮನೆ ನಿಂತಿರುತ್ತದೆ ಎಂದು ನಂಬುವವರು ಹೊಸಪೇಟೆ ಸುತ್ತಮುತ್ತ ಕೆಲಸ ಮಾಡಿದವರಲ್ಲ. ನಾನು ರಸ್ತೆ ಇಲಾಖೆಗೆ ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್. ಸಿಗ್ನಲ್ ಹಾರಿಸುವವರನ್ನು, ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ಸರ್ಕಲ್‌ಗಳಿಗೆ ಕ್ಯಾಮೆರಾ ಬಂದಾಗ ‘ಮುಂದೆ ಕ್ಯಾಮೆರಾ ಇದೆ’ ಎಂಬ ಬೋರ್ಡುಗಳ ಉಸ್ತುವಾರಿ ನನ್ನ ತಲೆಗೆ ಬಂತು. ನಿಯಮವೇನೋ ಚಿಕ್ಕದು. ಬೋರ್ಡು ಕ್ಯಾಮೆರಾಕ್ಕಿಂತ ಮುಂಚೆ ಇರಬೇಕು, ಬರುವವರಿಗೆ ಕಾಣಬೇಕು, ಓದಲು ಬರಬೇಕು, ಅದಕ್ಕೆ ಏನನ್ನೂ ತೂಗುಹಾಕಬಾರದು. ಇದರಲ್ಲಿ ಒಂದು ತಪ್ಪಿದರೂ ದಂಡದ ನೋಟಿಸು ಊರ್ಜಿತವಾಗುವುದಿಲ್ಲ.

ತಿಂಗಳ ಕೊನೆಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬೋರ್ಡು ಸರಿಯಿದ್ದರೆ ನನ್ನ ನೌಕರಿ ಕಾಯಂ, ಇಲ್ಲದಿದ್ದರೆ ಇನ್ನೊಂದು ವರ್ಷ ಪ್ರೊಬೇಷನ್. ನಮ್ಮವ್ವ ಆಗಲೇ ಕಾಯಂ ಆಯಿತೆಂದು ಓಣಿಗೆಲ್ಲ ಪೇಡೆ ಹಂಚಿಬಿಟ್ಟಿದ್ದಳು. ಹಾಗಾಗಿ ಇದು ಮನೆತನದ ಮರ್ಯಾದೆ ಪ್ರಶ್ನೆ.

೧. ಹಂಪಿ ರಸ್ತೆ

ಇಲ್ಲಿನ ಬೋರ್ಡಿನ ಮೇಲೆ ಅಕ್ಷರದ ಜೊತೆ ಕ್ಯಾಮೆರಾದ ಚಿತ್ರವೂ ಇದೆ. ಒಂದು ಬೆಳಿಗ್ಗೆ ಹೋದಾಗ ಹಂಪಿ ನೋಡಲು ಬಂದ ಒಂದು ಕುಟುಂಬ ಸರ್ಕಲ್ಲಿನ ನಟ್ಟನಡುವೆ ಸಾಲಾಗಿ ನಿಂತಿತ್ತು. ಮುಂದೆ ಅಜ್ಜಿ, ಹಿಂದೆ ಮಕ್ಕಳು ಮೊಮ್ಮಕ್ಕಳು, ಎಲ್ಲರ ಕಣ್ಣೂ ಕ್ಯಾಮೆರಾದ ಕಂಬದ ಮೇಲೆ. ಅಜ್ಜಿ ಸೆರಗು ಸರಿಮಾಡಿಕೊಂಡು ನಗುತ್ತಿದ್ದಳು. ನಾನು ಓಡಿ ಹೋಗಿ ಎಲ್ಲರನ್ನೂ ಬದಿಗೆ ಎಳೆದು, ಇದು ಫೋಟೋ ತೆಗೆಸಿಕೊಳ್ಳುವ ಜಾಗವಲ್ಲ, ತಪ್ಪು ಮಾಡಿದವರನ್ನು ಹಿಡಿಯುವ ಕ್ಯಾಮೆರಾ ಎಂದು ವಿವರಿಸಿದೆ.

ಅಜ್ಜಿಯ ಮುಖ ಸಪ್ಪಗಾಯಿತು. "ಹಂಗಾರ ನಮ್ಮ ಫೋಟೋ ಬರಲ್ಲೇನವ್ವಾ?" ಎಂದಳು.

ಪಕ್ಕದಲ್ಲಿ ಎಳನೀರು ಕೊಚ್ಚುತ್ತಿದ್ದವನು ತಲೆ ಎತ್ತದೆ ಹೇಳಿದ: "ಬರ್ತೈತಿ ಅಜ್ಜಿ. ಗಾಡಿ ಹತ್ತಿ ಸಿಗ್ನಲ್ ಹಾರಿಸ್ಕೊಂಡು ಹೋಗ್ರಿ. ಫೋಟೋ ಮನೀಗೇ ಬರ್ತೈತಿ."

೨. ಸಂಡೂರು ರಸ್ತೆ

ಅದಿರು ಲಾರಿಗಳ ದಾರಿ. ಬೆಳಿಗ್ಗೆ ತೊಳೆಸಿದ ಬೋರ್ಡು ಮಧ್ಯಾಹ್ನಕ್ಕೆ ಕೆಂಪು. ಒಬ್ಬ ಲಾರಿ ಡ್ರೈವರ್ ನೋಟಿಸು ಹಿಡಿದು ಆಫೀಸಿಗೆ ಬಂದು, ನಿಮ್ಮ ಬೋರ್ಡು ಓದಲಿಕ್ಕೇ ಬರುವುದಿಲ್ಲ, ನಾನು ದಂಡ ಕಟ್ಟುವುದಿಲ್ಲ ಎಂದ. ಬಾ ನೋಡೋಣ ಎಂದು ಅವನನ್ನೇ ಕರೆದುಕೊಂಡು ಹೋದೆ.

ಬೋರ್ಡಿನ ಮೇಲೆ ಬೆರಳು ದಪ್ಪ ಧೂಳು. ಆ ಧೂಳಿನಲ್ಲಿ ಯಾರೋ ಬೆರಳಿನಿಂದಲೇ ದೊಡ್ಡದಾಗಿ ‘ಮುಂದೆ ಕ್ಯಾಮೆರಾ ಇದೆ’ ಎಂದು ಬರೆದಿದ್ದರು. ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದೆ. ಅವನು ತಲೆ ಕೆರೆದುಕೊಂಡ.

"ಅದು ನಾನ ಬರ್ದಿದ್ದು ಮೇಡಂ. ನಾನಂತೂ ಸಿಕ್ಕೆ, ಹಿಂದ ಬರೋ ನಮ್ಮವ್ರಾದ್ರೂ ಉಳೀಲಿ ಅಂತ."

ನಮ್ಮ ಇಲಾಖೆಯ ಅಕ್ಷರಕ್ಕಿಂತ ಅವನ ಅಕ್ಷರ ದುಂಡಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಆವತ್ತು ಬೋರ್ಡು ತೊಳೆಸಲಿಲ್ಲ.

೩. ಕಂಪ್ಲಿ ರಸ್ತೆ

ಕಬ್ಬು ಹೇರಿದ ಟ್ರ್ಯಾಕ್ಟರ್ ತಾಗಿ ಇಲ್ಲಿನ ಬೋರ್ಡು ಗದ್ದೆ ಕಡೆ ಮುಖ ತಿರುಗಿಸಿತ್ತು. ತಾಗಿಸಿದ್ದು ತನ್ನದೇ ಟ್ರ್ಯಾಕ್ಟರ್ ಎಂದು ಎಮ್ಮಿಗನೂರಿನ ಯಜಮಾನರೊಬ್ಬರು ಎದೆಯುಬ್ಬಿಸಿ ಒಪ್ಪಿಕೊಂಡರು. ಸಿಗ್ನಲ್ ಹಾರಿಸಿದ್ದಕ್ಕೆ ಕ್ಯಾಮೆರಾ ಹಾಕಿದ ದಂಡವನ್ನು ಮಾತ್ರ ಒಪ್ಪಲಿಲ್ಲ.

"ಬೋರ್ಡು ಈಗ ಕೊಕ್ಕರೀಗೆ ಹೇಳಾಕತ್ತೈತಿ, ನಮಗಲ್ಲ. ದಂಡ ಕೊಕ್ಕರೀಗೆ ಹಾಕ್ರಿ. ನಂಬರ್ ಪ್ಲೇಟ್ ಎಲ್ಲೈತಿ ಅಂತ ನೀವ ಹುಡುಕ್ಕೋರಿ."

೪. ನಮ್ಮ ಹೊಸಪೇಟೆ

ಕೊನೆಗೂ ತಪಾಸಣೆಯ ದಿನ ಬಂತು. ಬೆಳಿಗ್ಗೆ ಇಲಾಖೆಯ ಜೀಪಿನಲ್ಲಿ ಊರೊಳಗಿನ ಸರ್ಕಲ್ಲಿಗೆ ಹೋಗಿ ನೋಡುತ್ತೇನೆ, ಬೋರ್ಡಿನ ಕಂಬಕ್ಕೆ ಮೂರು ಹೆಲ್ಮೆಟ್ ತೂಗಾಡುತ್ತಿವೆ. ಎದುರು ದಿಕ್ಕಿನ ಬೋರ್ಡಿಗೂ ಹಾಗೇ. ಅಲ್ಲಿಯ ಪಂಚರ್ ಅಂಗಡಿ ಚಾಚಾನನ್ನು ಕೇಳಿದಾಗ ಊರಿನ ವ್ಯವಸ್ಥೆ ತಿಳಿಯಿತು. ಈ ಕಡೆಯಿಂದ ಬಂದವರು ಕಂಬದ ಹೆಲ್ಮೆಟ್ ತಲೆಗೆ ಹಾಕಿಕೊಂಡು ಕ್ಯಾಮೆರಾ ದಾಟುವುದು, ಆ ಕಡೆಯ ಬೋರ್ಡಿಗೆ ತೂಗುಹಾಕಿ ಹೋಗುವುದು. ಆ ಕಡೆಯವರು ಅದನ್ನೇ ಹಾಕಿಕೊಂಡು ಈ ಕಡೆ ಬರುವುದು. ಥೇಟ್ ಹೊಳೆ ದಾಟಿಸುವ ಹರಿಗೋಲು. ಇಡೀ ಪೇಟೆ ಆರು ಹೆಲ್ಮೆಟ್ಟಿನಲ್ಲಿ ಕಾನೂನು ಪಾಲಿಸುತ್ತಿತ್ತು!

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ನೋಡುತ್ತಿದ್ದಂತೆಯೇ ಆರನ್ನೂ ಕಿತ್ತು ಜೀಪಿನ ಸೀಟಿನ ಕೆಳಗೆ ತುರುಕಿ, ಅದೇ ಜೀಪಿನಲ್ಲಿ ಸಾಹೇಬರನ್ನು ಕರೆತರಲು ಹೋದೆ.

ಸಾಹೇಬರೊಂದಿಗೆ ವಾಪಸು ಬಂದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಸರ್ಕಲ್ ಪೂರ್ತಿ ಖಾಲಿ. ಎರಡೂ ಬೋರ್ಡುಗಳ ಹಿಂದೆ ಸಾಲು ಸಾಲು ಬೈಕುಗಳು, ಎಂಜಿನ್ ಆರಿಸಿ, ಸದ್ದಿಲ್ಲದೆ ನಿಂತಿವೆ. ಸಿಗ್ನಲ್ ಹಸಿರಾದರೂ ಯಾರೂ ಕದಲುತ್ತಿಲ್ಲ.

ಸಾಹೇಬರು ಕೆಳಗಿಳಿದರು. ಬೋರ್ಡನ್ನು ಮುಟ್ಟಿ ನೋಡಿದರು. ಮೊದಲ ಸಾಲಿನಲ್ಲಿ ಟಿವಿಎಸ್ ಮೇಲೆ ಕುಳಿತಿದ್ದ ಹಿರಿಯರೊಬ್ಬರನ್ನು, ಯಾಕೆ ನಿಂತಿದ್ದೀರಿ ಎಂದು ಕೇಳಿದರು. ಹಿರಿಯರು ನನ್ನನ್ನು ನೋಡಿದರು, ಜೀಪನ್ನು ನೋಡಿದರು, ಸಾವಕಾಶವಾಗಿ ಹೇಳಿದರು: "ಮುಂದ ಕ್ಯಾಮೆರಾ ಐತೆಲ್ರಿ ಸಾಹೇಬ್ರ. ಅದಕ್ಕ ನಿಂತೀವಿ."

ಸಾಹೇಬರು ಹಿರಿಯರ ಕೈ ಕುಲುಕಿದರು. ಇಷ್ಟು ವರ್ಷದ ಸೇವೆಯಲ್ಲಿ ಒಂದು ಬೋರ್ಡಿಗೆ ಜನ ಇಷ್ಟು ಮರ್ಯಾದೆ ಕೊಟ್ಟಿದ್ದು ನೋಡಿಲ್ಲ, ಇದಲ್ಲವೇ ಶಿಸ್ತು ಎಂದರು. ಜೀಪಿನ ಬಾನೆಟ್ ಮೇಲೇ ಫೈಲು ಬಿಡಿಸಿ ನನ್ನ ಕಾಯಂ ಆದೇಶಕ್ಕೆ ಸಹಿ ಹಾಕಿದರು. ನನಗೆ ಕುಣಿಯುವಷ್ಟು ಖುಷಿ. ಅವ್ವನ ಪೇಡೆಯ ಮಾನ ಉಳಿಯಿತು.

ಸಾಹೇಬರು ಜೀಪು ಹತ್ತುವಾಗ ಆ ಹಿರಿಯರು ಟಿವಿಎಸ್‌ಗೆ ಸ್ಟ್ಯಾಂಡ್ ಹಾಕಿ ಓಡಿ ಬಂದರು. ಎರಡೂ ಕೈ ಮುಗಿದು ಹೇಳಿದರು:

"ಸಾಹೇಬ್ರ, ನಿಮ್ಮ ಸೀಟಿನ ಕೆಳಗ ನಮ್ಮ ಊರಿನ ಹೆಲ್ಮೆಟ್ ಅದಾವು. ಅವನ್ನೊಂದಿಷ್ಟು ಕೊಟ್ಟು ಹೋಗ್ರಿ. ಶಿಸ್ತು ಮುಗಿಸಿ ನಾವೂ ಜಲ್ದಿ ಮನೀಗೆ ಹೋಗ್ತೀವಿ."