ತುಟಿಗೆ ಮೂರು ಕೋಟ್

"ಮೇಣದ ಬಗ್ಗೆ ನನಗೆ ಪಾಠ ಹೇಳೋನು ಇನ್ನೂ ಹುಟ್ಟಿಲ್ಲ! ಲಿಪ್ ಬಾಮ್ ಅಂತೆ ಲಿಪ್ ಬಾಮ್! ಅರ್ಧ ಗಂಟೇಲಿ ಮನೇಲೇ ಮಾಡಿ ಕೊಡ್ತೀನಿ!"

ಹೀಗೆ ಎದೆ ತಟ್ಟಿಕೊಂಡವನು ನಮ್ಮ ಪಾಲಿಶಣ್ಣ. ಕುರ್ಚಿ-ಮೇಜಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಮರಕ್ಕೆ ಪಾಲಿಶ್ ಹೊಡೆಯುವವನು. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು! ಅವತ್ತು ಹನ್ನೊಂದು ಗಂಟೆಗೆ ಯಜಮಾನರು ಪಾಲಿಶ್ ವಿಭಾಗಕ್ಕೆ ಹೊಸ ಮೇಸ್ತ್ರಿಯನ್ನು ಆರಿಸುವವರಿದ್ದರು. ಅದಕ್ಕಾಗಿ ಒಂದು ವಾರದಿಂದ ಕನ್ನಡಿಯೆದುರು ಭಾಷಣ ಉರು ಹೊಡೆಯುತ್ತಿದ್ದ.

ಹೆಂಡತಿ ಚಳಿಗೆ ಒಡೆದ ತುಟಿ ಮುಟ್ಟಿಕೊಂಡು, "ಅಂಗಡಿಯಿಂದ ಒಂದು ಡಬ್ಬಿ ತಂದಿದ್ರೆ ಸಾಕಿತ್ತಲ್ರೀ. ಇವತ್ತೇ ಬೇಕಾ ಈ ಸಾಹಸ?" ಅಂದಳು.

"ಅಂಗಡೀದ್ರಲ್ಲಿ ಏನೇನು ಬೆರೆಸಿರ್ತಾರೋ! ನಂದು ಅಪ್ಪಟ ನೈಸರ್ಗಿಕ!"

ಕುದಿಯುವ ನೀರಿನ ಪಾತ್ರೆಯ ಮೇಲೆ ಬಟ್ಟಲು ಕೂತಿತು. ಜೇನುಮೇಣ ಕರಗಿತು, ಕೊಬ್ಬರಿ ಎಣ್ಣೆ ಸೇರಿತು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಹನ್ನೆರಡು ವರ್ಷ ಪಳಗಿದ ಕೈ ಸುಮ್ಮನಿರಬೇಕಲ್ಲ! ಹೊಳಪು ನಿಲ್ಲಲಿ ಅಂತ ಕುರ್ಚಿಗಳ ಪಾಲಿಶಿಗೆ ಹಾಕುವ ರಾಳದ ಪುಡಿಯನ್ನು ಎರಡು ಚಮಚ ಸುರಿದೇ ಬಿಟ್ಟಿತು.

"ಅದೇನ್ರೀ ಹಾಕಿದ್ದು?"

"ರಾಳ ಕಣೇ. ಮರದ ಅಂಟು. ಮರಕ್ಕಿಂತ ನೈಸರ್ಗಿಕ ಯಾವುದಿದೆ ಹೇಳು?"

"ಹಾಗಾದ್ರೆ ಮೊದಲು ನೀವೇ ಹಚ್ಕೊಳ್ಳಿ!"

ಹಚ್ಚಿಕೊಂಡ. ಒಂದು ಕೋಟ್. ಒಣಗಲು ಬಿಟ್ಟ. ಮೇಲೊಂದು. ಬಟ್ಟೆಯಿಂದ ಉಜ್ಜಿದ. ಮೂರನೆಯದು. ತುಟಿ ಸಭಾಧ್ಯಕ್ಷರ ಕುರ್ಚಿಯ ಹಾಗೆ ಮಿರಮಿರ ಮಿಂಚಿತು! "ಹೇಗಿದೆ?" ಅನ್ನಲು ಹೋದ.

"ಮ್ಮ್ಮ್!"

ಮೇಲಿನ ತುಟಿಗೂ ಕೆಳಗಿನ ತುಟಿಗೂ ಜನ್ಮಜನ್ಮದ ನಂಟು ಬೆಸೆದುಹೋಗಿತ್ತು!

"ಅಯ್ಯೋ ದೇವರೇ, ಆಗ್ಲೇ ಹತ್ತೂವರೆ!" ಎಣ್ಣೆ ಹಚ್ಚಿ ಬಿಡಿಸೋಣವೆಂದರೆ ಮನೆಯಲ್ಲಿದ್ದ ಎಣ್ಣೆಯೆಲ್ಲ ಬಟ್ಟಲು ಸೇರಿತ್ತು. "ಸುಮ್ನೆ ತಲೆ ಆಡಿಸಿ ಬನ್ನಿ. ಅಷ್ಟರಲ್ಲಿ ಎಣ್ಣೆ ತಂದಿಟ್ಟಿರ್ತೀನಿ" ಅಂತ ಹೆಂಡತಿ ಅವನನ್ನು ಹೊರಗೆ ದಬ್ಬಿದಳು.

ಯಜಮಾನರೆದುರು ಮೂವರು ನಿಂತರು. ಉಳಿದಿಬ್ಬರು ನಾ ಮುಂದು ತಾ ಮುಂದು ಅಂತ ತಮ್ಮನ್ನು ತಾವೇ ಹೊಗಳಿಕೊಂಡರು. ಪಾಲಿಶಣ್ಣನ ಹೊಟ್ಟೆಯೊಳಗೆ ಭಾಷಣ ಕೊತಕೊತ ಕುದಿಯುತ್ತಿತ್ತು. ಬಾಗಿಲಿಗೆ ಮಾತ್ರ ಬೀಗ!

"ನೀನೇನಪ್ಪಾ ಹೇಳ್ತೀಯ?"

ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ತುಂಬಿತು. ಯಜಮಾನರು ಕರಗಿಯೇ ಹೋದರು.

"ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಮಾತು ಮುಗಿಯೋವರೆಗೆ ಕಾದೆಯಲ್ಲಯ್ಯಾ! ಎಂಥ ವಿನಯ! ನೀನೇ ಮೇಸ್ತ್ರಿ, ಹೋಗು!"

ಮನೆಗೆ ಬಂದು, ಎಣ್ಣೆಯಲ್ಲಿ ಅದ್ದಿದ ಹತ್ತಿ ಒತ್ತಿಕೊಂಡು ಕೂತಿದ್ದಾಗ ಯಜಮಾನರ ಫೋನ್ ಬಂತು. ಹೆಂಡತಿ ಎತ್ತಿ ಸ್ಪೀಕರ್ ಹಾಕಿದಳು. ಅವನ್ಯಾಕೆ ಮಾತಾಡ್ತಿಲ್ಲ ಅಂತ ಯಜಮಾನರು ಕೇಳಿದರು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ರಾಳದ ಚಮಚದಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿಬಿಟ್ಟಳು! ಪಾಲಿಶಣ್ಣನ ಜೀವ ಬಾಯಿಗೆ ಬಂತು. ಅಲ್ಲಿಂದಾಚೆ ಹೋಗಲು ಅದಕ್ಕೆ ದಾರಿಯಿರಲಿಲ್ಲ!

ಕೊನೆಗೆ ಹೆಂಡತಿಯೇ ಅಳುಕುತ್ತ ಕೇಳಿದಳು.

"ಹಾಗಾದ್ರೆ... ಮೇಸ್ತ್ರಿ ಕೆಲ್ಸ ಹೋಯ್ತಾ ಸಾರ್?"

"ಯಾಕಮ್ಮ ಹೋಗುತ್ತೆ? ಕೈಗುಣ ಮೊದಲಿಂದ್ಲೂ ಚೆನ್ನಾಗೇ ಇದೆ. ತೊಂದ್ರೆ ಇದ್ದದ್ದೇ ಬಾಯಿಂದ. ದಿನಾ ಬೆಳಗ್ಗೆ ಹಚ್ಚಿ ಕಳಿಸು. ಮೇಣ, ರಾಳ ಎಷ್ಟು ಬೇಕೋ ನಾನೇ ಕೊಡ್ತೀನಿ!"

ಅಷ್ಟರಲ್ಲಿ ಪಾಲಿಶಣ್ಣನ ತುಟಿ ಪಟ್ ಅಂತ ಬಿಟ್ಟುಕೊಂಡಿತು. "ಅದು ಹಾಗಲ್ಲ ಸಾರ್! ನಾನೇನು ಹೇಳ್ತೀನಂದ್ರೆ, ಹನ್ನೆರಡು ವರ್ಷದ ಹಿಂದೆ..."

"ಅಮ್ಮಾ," ಅಂದರು ಯಜಮಾನರು, "ಕೋಟ್ ಕಿತ್ತು ಬಂದ ಹಾಗಿದೆ. ಬೇಗ ಇನ್ನೊಂದು ಹೊಡಿ!"