ವಿಭೂತಿ ಹಚ್ಚಿದ ಹಾರ್ಡ್ ಡಿಸ್ಕ್

ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ನನಗೆ ಒಂದು ಹಾರ್ಡ್ ಡಿಸ್ಕ್ ಬದಲಿಸುವುದು ಎಷ್ಟರ ಕೆಲಸ? ತಿರುಪು ಬಿಚ್ಚಬೇಕು, ಹಳೆಯದನ್ನು ತೆಗೆಯಬೇಕು, ಹೊಸದನ್ನು ಕೂಡಿಸಬೇಕು, ಪೆನ್ ಡ್ರೈವಿನಿಂದ ಆಪರೇಟಿಂಗ್ ಸಿಸ್ಟಮ್ ಹಾಕಬೇಕು. ಅದರ ವಿಡಿಯೋವನ್ನು ಎರಡು ಸಲ ನೋಡಿದ್ದೆ. ಎರಡನೇ ಸಲವಂತೂ ಮುಂದೆ ಓಡಿಸಿ ನೋಡಿದೆ, ಅಷ್ಟು ಸುಲಭವಿತ್ತು!

ಲ್ಯಾಪ್‌ಟಾಪ್ ಹೆಸರಿಗೆ ನನ್ನದು, ಕೆಲಸಕ್ಕೆ ನನ್ನ ಹೆಂಡತಿ ಮಹಾದೇವಿಯದು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಗಿರಾಕಿಗಳ ಅಳತೆಗಳನ್ನೆಲ್ಲ ಮೊದಲು ಉದ್ದನೆಯ ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಿದ್ದಳು. ಹೋದ ವರ್ಷ ನಾನು ಅವೆಲ್ಲವನ್ನೂ ಲ್ಯಾಪ್‌ಟಾಪಿಗೆ ಏರಿಸಿ, ಕಾಗದದ ಕಾಲ ಮುಗಿಯಿತೆಂದು ಒಂದು ಭಾಷಣ ಬಿಗಿದು, ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಿದ್ದೆ. ಈಗ ಆ ಲ್ಯಾಪ್‌ಟಾಪಿಗೆ ಎಂಟು ವರ್ಷ ತುಂಬಿತ್ತು. ಬಟನ್ ಒತ್ತಿ ಅಡುಗೆಮನೆಗೆ ಹೋದರೆ ನಾಲ್ಕು ರೊಟ್ಟಿ ಬಡಿದು ಬರುವಷ್ಟು ಹೊತ್ತು ಬೇಕಾಗುತ್ತಿತ್ತು.

"ಡಿಸ್ಕ್ ಕೈ ಕೊಡಾಕತ್ತೈತ್ರಿ ಸರ. ಮೊದ್ಲ ಒಳಗಿಂದೆಲ್ಲಾ ಕಾಪಿ ಮಾಡ್ಕೋರಿ" ಎಂದಿದ್ದ ಹೊಸ ಡಿಸ್ಕ್ ಮಾರಿದ ಅಂಗಡಿಯವನು. ನಾನು ನಕ್ಕಿದ್ದೆ. ಹಳೆಯ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಒಂದು ಡಬ್ಬಿಯನ್ನೂ ಕೊಂಡಿದ್ದೇನೆ, ಹೊಸದು ಶುರುವಾದ ಮೇಲೆ ಸಾವಕಾಶ ಕಾಪಿ ಮಾಡಿದರಾಯಿತು, ಹಳೆಯದೇನು ಓಡಿಹೋಗುತ್ತದೆಯೆ?

ಆ ಭಾನುವಾರ ಮಹಾದೇವಿ ಒಂದು ದೊಡ್ಡ ಕೆಲಸಕ್ಕೆ ಕತ್ತರಿ ಹಾಕುವವಳಿದ್ದಳು. ತಂಗಡಗಿಯ ಒಂದು ಮದುವೆ ಮನೆಯವರು ತಿಂಗಳ ಹಿಂದೆ ಟೆಂಪೋ ಮಾಡಿಕೊಂಡು ಬಂದು, ಮದುಮಗಳು, ತಾಯಿ, ಅತ್ತೆ, ಚಿಕ್ಕಮ್ಮ, ಅಜ್ಜಿ ಎಂದು ಹದಿನಾಲ್ಕು ಜನರ ರವಿಕೆಯ ಅಳತೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆಸಿ ಹೋಗಿದ್ದರು. ಮದುವೆಗೆ ಎಂಟೇ ದಿನ ಉಳಿದಿತ್ತು. ಇಡೀ ಮದುವೆಯ ಕುಬಸಗಳನ್ನು ಅವಳೊಬ್ಬಳ ಕೈಗೇ ಕೊಟ್ಟದ್ದು ಇದೇ ಮೊದಲು. ಇದು ಸರಿಹೋದರೆ ಅವಳ ಹೆಸರು ನಿಲ್ಲುತ್ತಿತ್ತು, ಕೆಟ್ಟರೆ ಹದಿನಾಲ್ಕು ಬಾಯಿ!

"ಮಧ್ಯಾಹ್ನದೊಳಗ ಅಳತಿ ನನ್ನ ಕೈಗೆ ಬರಬೇಕ್ರಿ" ಎಂದಳು.

"ಹನ್ನೊಂದಕ್ಕ ತಗೋ" ಎಂದೆ.

ತಿರುಪು ಬಿಚ್ಚಿ ಹಳೆಯ ಡಿಸ್ಕನ್ನು ಹೊರತೆಗೆದು, ಹೊಸದರ ಜೊತೆ ಒಂದು ತಾಟಿನಲ್ಲಿಟ್ಟೆ. ಒಂದೇ ಕಂಪನಿ, ಒಂದೇ ಗಾತ್ರ, ಅಣ್ಣ ತಮ್ಮಂದಿರ ಹಾಗಿದ್ದವು. ಅವತ್ತು ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆ ದಿನ ಬೈಕು, ತಕ್ಕಡಿ, ಹೊಲಿಗೆ ಮಷೀನು ಎಲ್ಲಕ್ಕೂ ಪೂಜೆ ನಡೆಯುತ್ತದೆ. ಸ್ನಾನವಿಲ್ಲದೆ ಮುಂದಿನ ಕೆಲಸಕ್ಕೆ ಕೈ ಹಾಕಲು ಅವ್ವ ಬಿಡಲಿಲ್ಲ.

"ಅವ್ವಾ, ಹೊಸಾ ಡಿಸ್ಕ್ ಬಂದೈತಿ, ಅದಕ್ಕೂ ಪೂಜಿ ಮಾಡಿಬಿಡು" ಎಂದು ಬಚ್ಚಲಿಗೆ ನಡೆದೆ. ಅವ್ವ ಮಷೀನಿಗೆ ಕುಂಕುಮ ಹಚ್ಚುತ್ತ "ಹೂಂ" ಎಂದಳು.

ಮಿಂದು ಬಂದು ನೋಡಿದರೆ ತಾಟಿನಲ್ಲಿ ಒಂದು ಡಿಸ್ಕ್ ಬೋಳಾಗಿ ಕೂತಿತ್ತು. ಇನ್ನೊಂದು ಮೂರು ಬೆರಳಿನ ವಿಭೂತಿ, ಕುಂಕುಮದ ಬೊಟ್ಟು, ಒಂದು ಸೇವಂತಿಗೆ ಹೂವಿನೊಂದಿಗೆ ಥಳಥಳ ಹೊಳೆಯುತ್ತಿತ್ತು. ಪೂಜೆ ಆದದ್ದೇ ಹೊಸದು! ಇದಕ್ಕಿಂತ ಸ್ಪಷ್ಟವಾದ ಗುರುತು ಯಾವ ಪ್ರಯೋಗಾಲಯದಲ್ಲಿ ಸಿಕ್ಕೀತು? ಹೂವು ತೆಗೆದು, ವಿಭೂತಿ ಕೆಡದಂತೆ ಭಕ್ತಿಯಿಂದ ಅದನ್ನು ಲ್ಯಾಪ್‌ಟಾಪಿನ ಹೊಟ್ಟೆಗೆ ಸೇರಿಸಿದೆ.

ಪೆನ್ ಡ್ರೈವ್ ಚುಚ್ಚಿದೆ. ಪರದೆಯ ಮೇಲೆ ಡಿಸ್ಕಿನ ವಿವರ ಬಂತು. ಮೂರು ಭಾಗಗಳು, ಒಂದರಲ್ಲಿ ಜಾಗವೇ ಇಲ್ಲದಷ್ಟು ಏನೋ ತುಂಬಿತ್ತು. ವಿಡಿಯೋದಲ್ಲಿ ಹೊಸ ಡಿಸ್ಕ್ ಖಾಲಿ ಇತ್ತು ಎಂಬ ನೆನಪು ಎಲ್ಲೋ ಕುಟುಕಿತು. ಆದರೆ ಆ ಭಾಗವನ್ನು ನಾನು ಓಡಿಸಿ ನೋಡಿದ್ದೆನಲ್ಲ! ಕಂಪನಿಯವರೇ ಏನೋ ತುಂಬಿ ಕಳಿಸಿರಬೇಕು, ಒಳ್ಳೆಯ ಜನ, ಎಂದುಕೊಂಡೆ.

ಮೂರನ್ನೂ ಅಳಿಸಲು ಹೇಳಿದೆ. ಪರದೆ ಎಚ್ಚರಿಸಿತು. ಹಿಂದೆ ನಿಂತಿದ್ದ ಮಹಾದೇವಿ ಕೇಳಿದಳು, "ಅದೇನ್ ಕೇಳಾಕತ್ತೈತ್ರಿ?"

"ಇದರಾಗ ಇದ್ದದ್ದೆಲ್ಲಾ ಅಳಿಸಿ ಹೋಗತೈತಿ, ನಡೀತೈತೇನು ಅಂತ."

"ಮತ್ತ?"

"ಹೊಸಾ ಡಿಸ್ಕಿನ್ಯಾಗ ಹೋಗಾಕ ಏನೈತಿ? ಸುಮ್ನ ಅಂಜಸ್ತಾವ" ಎಂದು ಗುಂಡಿ ಒತ್ತಿದೆ.

ಆಮೇಲೆ ಶುರುವಾಯಿತು ನೋಡಿ. ಎರಡು ಪರ್ಸೆಂಟಿಗೆ ಬಂದು ನಿಂತಿತು. ಒಳಗಿನಿಂದ ಕಿಟ್, ಕಿಟ್ ಎಂಬ ಸದ್ದು. ಹನ್ನೊಂದು ಹೊಡೆಯಿತು, ಹನ್ನೆರಡೂ ಹೊಡೆಯಿತು. ಮಹಾದೇವಿ ಬಟ್ಟೆ ಹಾಸಿಕೊಂಡು, ಕತ್ತರಿ ಹಿಡಿದು, ಎರಡು ನಿಮಿಷಕ್ಕೊಮ್ಮೆ ನನ್ನ ಬೆನ್ನು ನೋಡುತ್ತಿದ್ದಳು. ಮದುಮಗಳ ತಾಯಿ ನೀಲಮ್ಮನ ಫೋನು ಬೇರೆ: "ಕಟಿಂಗ್ ಮುಗೀತೇನ್ರಿ ಮಹಾದೇವಕ್ಕಾ?"

ಎರಡೂವರೆಗೆ ಅಂತೂ ಇಂತೂ ಸಿಸ್ಟಮ್ ಏರಿತು. ಈಗ ಬೋಳು ಡಿಸ್ಕನ್ನು ಡಬ್ಬಿಗೆ ಹಾಕಿ ಜೋಡಿಸಿದೆ. ಏನೂ ಕಾಣಲಿಲ್ಲ. ತೆಗೆದು ಮತ್ತೆ ಜೋಡಿಸಿದೆ. ವೈರು ತಿರುಗಿಸಿದೆ. ಉಫ್ ಎಂದು ಊದಿಯೂ ನೋಡಿದೆ. ಡಿಸ್ಕಿನಲ್ಲಿ ಒಂದಕ್ಷರವೂ ಇಲ್ಲ, ಇದಿನ್ನೂ ಬಳಕೆಗೇ ಬಂದಿಲ್ಲ ಎಂದು ಲ್ಯಾಪ್‌ಟಾಪ್ ಶಾಂತವಾಗಿ ವರದಿ ಕೊಟ್ಟಿತು.

ಎಂಟು ವರ್ಷ ದುಡಿದ ಡಿಸ್ಕ್ ಬಳಕೆಗೇ ಬಂದಿಲ್ಲವೆ? ಎದ್ದು ಅವ್ವನ ಹತ್ತಿರ ಓಡಿದೆ.

"ಅವ್ವಾ," ಎಂದೆ, "ನೀ ಪೂಜಿ ಮಾಡಿದ್ದು ಹೊಸಾದಕ್ಕ ಹೌದಿಲ್ಲೋ?"

"ಹೊಸಾದಕ್ಕ ಯಾಕಪಾ?" ಅವ್ವ ನನ್ನನ್ನು ಪಾಪ ಎನ್ನುವಂತೆ ನೋಡಿದಳು. "ಅದು ಇನ್ನಾ ಏನ್ ದುಡದೈತಿ? ಎಂಟ್ ವರ್ಷ ಈ ಮನಿಗೆ ದುಡದದ್ದು ಹಳೇದು. ಮನಿ ಬಿಟ್ಟ ಹೊಂಟೈತಿ, ಬರೇ ಹಣೀಲೆ ಕಳಸೂದು ಬ್ಯಾಡಂತ ಸೆರಗಿಲೆ ಒರಿಸಿ, ವಿಭೂತಿ ಹಚ್ಚಿ, ಕೈ ಮುಗದ್ಯಾ."

ಅವ್ವನ ಮಾತಿನಲ್ಲಿ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. ಅವಳು ವಿಭೂತಿ ಹಚ್ಚಿ ಬೀಳ್ಕೊಟ್ಟದ್ದನ್ನು ನಾನು ಕೈಯಾರೆ ಮುಗಿಸಿದ್ದೆ!

ಅಂಗಡಿಯವನಿಗೆ ಫೋನು ಮಾಡಿದೆ. "ಅಳಿಸಿ, ಮತ್ತ ಅದರ ಮ್ಯಾಲೇ ಹೊಸಾ ಸಿಸ್ಟಮ್ ಹಾಕಿದ್ರ್ಯಾ ಸರ?" ಎಂದು ಕೇಳಿದ. "ವಿಜಯಪುರಕ್ಕ ಕಳಿಸಿದ್ರ ನೋಡ್ತಾರ್ರಿ. ಹದಿನೈದ್ ದಿನ ಬೇಕು. ಬರ್ತೈತಿ ಅಂತ ಹೇಳಾಕ ಬರಂಗಿಲ್ಲ."

ಮಹಾದೇವಿ ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಹಾಸಿದ ಬಟ್ಟೆಯ ಮೇಲೆ ಕತ್ತರಿ ಇಟ್ಟು ಕಣ್ಣೊರೆಸಿಕೊಂಡಳು. ಆ ಗಳಿಗೆಯಲ್ಲಿ ನನಗಾದ ನಾಚಿಕೆ ಇಷ್ಟು ವರ್ಷದಲ್ಲಿ ಯಾವತ್ತೂ ಆಗಿರಲಿಲ್ಲ.

"ಬೈಕ್ ತಗೀರಿ" ಎಂದಳು ಕೊನೆಗೆ. "ಮದುವಿ ಮನಿಯಾಗ ಹದಿನಾಲ್ಕ್ ಮಂದಿ ಮತ್ತೊಮ್ಮೆ ಟೆಂಪೋ ಏರಿ ಬರಂಗಿಲ್ಲ. ನಾ ಹೋದ್ರ ಹೊಲಿಯಾವ್ರ್ ಯಾರು? ಒಬ್ಬೊಬ್ಬರದೂ ಮೈಗೆ ಸರಿಯಾಗಿ ಕೂಡೂ ಒಂದೊಂದ್ ಹಳೀ ಕುಬಸ ಇಸ್ಕೊಂಡ್ ಬರ್ರಿ."

"ನಾನಾ? ಹೆಣ್ಮಕ್ಕಳ ಕುಬಸ?"

"ಮತ್ತ ಲ್ಯಾಪ್‌ಟಾಪ್ ಕಳಸ್ಲೇನು?"

ಹೋದೆ. ದೊಡ್ಡ ಚೀಲ ಹಿಡಿದು ತಂಗಡಗಿಯ ಮದುವೆ ಮನೆಯ ಅಂಗಳದಲ್ಲಿ ನಿಂತು, ನೀಲಮ್ಮನಿಗೆ ಬಂದ ಕಾರಣವನ್ನು ತಿಳಿಸಿದೆ. ಹಾರ್ಡ್ ಡಿಸ್ಕಿನ ರಚನೆಯಿಂದಲೇ ಶುರುಮಾಡಿದ್ದೆ. ಅವಳು ಅರ್ಧಕ್ಕೇ ತಡೆದು, ಒಳಗೆ ತಿರುಗಿ ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಮಾಸ್ತರು ಅಳತಿ ಕಳಕೊಂಡಾರಂತ! ಒಂದೊಂದ್ ಹಳೀ ಕುಬಸ ಕೊಡಬೇಕಂತ್ರೇ!"

ಒಳಗೆ ನಗೆಯೋ ನಗೆ. ಒಂದೊಂದಾಗಿ ಕುಬಸಗಳು ಹೊರಬಂದವು. ಕಲಸಿಹೋದರೆ ಮತ್ತೆ ಕೆಟ್ಟೆ ಎಂದು ನಾನು ಕಟ್ಟೆಯ ಮೇಲೆ ಕೂತು ಪ್ರತಿಯೊಂದಕ್ಕೂ ಹೆಸರಿನ ಚೀಟಿ ಬರೆದು ಪಿನ್ ಚುಚ್ಚಿದೆ. ಮದುಮಗಳ ಸೋದರತ್ತೆ ಎದುರು ಮನೆಯಲ್ಲಿದ್ದಳು, ಚಿಕ್ಕಮ್ಮ ಹಿಂದಿನ ಓಣಿಯಲ್ಲಿ. ಅಲ್ಲಿಗೂ ಚೀಲ ಹೊತ್ತು ಹೋದೆ. ಹಾದಿಯಲ್ಲಿ ಸಿಕ್ಕವರೆಲ್ಲ ಚೀಲ ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು.

ಮಹಾದೇವಿ ಏಳು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು. ಗುಂಡಿ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು, ಹಚ್ಚಿದೆ. ಮದುವೆ ದಿನ ಹದಿನಾಲ್ಕೂ ಕುಬಸಗಳು ಮೈಗೆ ಅಂಟಿದಂತೆ ಕೂತಿದ್ದವು. ಚಪ್ಪರದಲ್ಲಿ ಹೆಂಗಸರು ಮಹಾದೇವಿಯ ಸುತ್ತ ಮುತ್ತಿಕೊಂಡು ತೋಳು, ಕೊರಳು ಮುಟ್ಟಿ ನೋಡಿ ಹೊಗಳುತ್ತಿದ್ದರು. ನನಗೂ ಹೋದ ಜೀವ ಬಂದಂತಾಗಿ, ಇಸ್ತ್ರಿ ಅಂಗಿಯ ಕಾಲರ್ ಸರಿಪಡಿಸಿಕೊಂಡು ಅವಳ ಪಕ್ಕದಲ್ಲಿ ನಿಂತೆ. ಮಾಸ್ತರು ಎಂದು ಯಾರಾದರೂ ಗುರುತು ಹಿಡಿಯಲಿ ಎಂಬ ಆಸೆಯಿತ್ತು.

ಒಬ್ಬ ಮುದುಕಿ ಹಿಡಿದಳು! ಜನರನ್ನು ಸರಿಸಿಕೊಂಡು ಬಂದು ನನ್ನ ಮುಖವನ್ನೇ ನೋಡಿದಳು.

"ಅವತ್ತ ಓಣ್ಯಾಗ ಬಂದಿದ್ದಿ ಹೌದಲ್ಲಪಾ? ನಾ ಗಂಟ ಕಟ್ಕೊಂಡ್ ಹೊರಗ ಬರೂದ್ರಾಗ ಹೋಗೇಬಿಟ್ಟಿ. ನಂದೂ ಎರಡ ಹಳೀ ಇಳಕಲ್ ಸೀರಿ, ನಾಕ್ ಕುಬಸ ಅದಾವು. ಅವಕ್ಕ ಬದಲಿ ಎಷ್ಟ ದೊಡ್ಡ ಪಾತೇಲಿ ಕೊಡ್ತಿ? ಅನ್ನಾ ಮಾಡಾಕ ದೊಡ್ಡದ ಬೇಕ."

ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ ಮುಂದೆ ಬಂದಳು. ಇಷ್ಟು ವರ್ಷ ಬಾಳಿದ ಹೆಂಡತಿ, ಮಾನ ಕಾಯುತ್ತಾಳೆ ಎಂದುಕೊಂಡೆ.

"ಇವತ್ತ ಪಾತೇಲಿ ತಂದಿಲ್ಲಬೇ ಅಜ್ಜಿ" ಎಂದಳು. "ಬರೂ ಸಂತಿಗೆ ಇವರ ಕೈಯಾಗ ಕೊಟ್ಟ್ ಕಳಸ್ತೇನಿ."