ತಪ್ಪಿಸಬೇಕಾದ ಹದಿನಾಲ್ಕು ಜಾಗಗಳು

ಕಾರಿನ ಗಾಜಿಗೆ ಅಂಟಿಸುವ ಜಿಪಿಎಸ್ ಯಂತ್ರಗಳನ್ನು ತಯಾರಿಸಿ ದಾರಿ ತಪ್ಪಿದವರನ್ನೆಲ್ಲ ಉದ್ಧರಿಸುತ್ತಿರುವ ಕಂಪನಿಯ ಗ್ರಾಹಕ ಸೇವಾ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಕಳೆದ ಭಾನುವಾರವಷ್ಟೇ ತಮ್ಮ ಸಂತೃಪ್ತ ಗ್ರಾಹಕರ ಬಳಗಕ್ಕೆ ಸೇರಿದ, ಮನೆ ಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುವ ನಾನು, ತಮಗೂ ಆಕಾಶದಲ್ಲಿ ಹಗಲಿರುಳೆನ್ನದೆ ದುಡಿಯುತ್ತಿರುವ ಉಪಗ್ರಹಗಳಿಗೂ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಯಂತ್ರದಲ್ಲಿ ಯಾವ ದೋಷವೂ ಇಲ್ಲ, ನನ್ನ ದೂರು ಅದೇ. ಈ ಪತ್ರವನ್ನು ಕಾರಿನಲ್ಲಿ ಕೂತು, ಮೊದಲು ತಮ್ಮ ವಾರಂಟಿ ಕಾಗದದ ಹಿಂಬದಿಯಲ್ಲೂ ಅದು ಸಾಲದೆ ನನ್ನ ರಸೀದಿ ಪುಸ್ತಕದ ಹಾಳೆಗಳಲ್ಲೂ ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ಊರಿನ ದಾರಿ ಗೊತ್ತಿಲ್ಲದೆ ಯಂತ್ರ ಕೊಂಡವನೆಂದು ತಾವು ನನ್ನನ್ನು ತಿಳಿಯಬಾರದು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಆದರೆ ಸ್ವಾಭಿಮಾನವಿರುವ ಮನುಷ್ಯ ಐವತ್ತೆಂಟು ವರ್ಷ ಒಂದೇ ಊರಿನಲ್ಲಿ ಬದುಕಿದರೆ ಹಾದುಹೋಗಬಾರದ ಬಾಗಿಲುಗಳು ಒಂದಷ್ಟು ಆಗಿಯೇ ಆಗುತ್ತವೆ, ನನಗೆ ಹದಿನಾಲ್ಕು ಆಗಿದ್ದವು. ಅವನ್ನೆಲ್ಲ ತಪ್ಪಿಸಿ ಸುತ್ತುಬಳಸಿ ಹೋಗುವ ದಾರಿಗಳನ್ನು ವರ್ಷಗಟ್ಟಲೆ ಕಷ್ಟಪಟ್ಟು ಕಂಡುಕೊಂಡಿದ್ದೆ. ಹೋದ ತಿಂಗಳು ಗೋದಾಮಿನ ಹಿಂದಿನ ರಸ್ತೆಯನ್ನು ಕೊಳವೆ ಹಾಕಲು ಅಗೆದುಬಿಟ್ಟರು, ನನ್ನ ಏರ್ಪಾಡೆಲ್ಲ ತಲೆಕೆಳಗಾಯಿತು. ಫೋನಿನಲ್ಲಿ ನಕ್ಷೆ ನೋಡೋಣವೆಂದರೆ ತಿರುವು ಬರುವ ಹೊತ್ತಿಗೇ ಯಾರಾದರೂ ಗಿರಾಕಿ ಕರೆ ಮಾಡಿ ಬಾಬಿನ್ ಸಿಕ್ಕಿಕೊಂಡ ಕಥೆ ಶುರುಮಾಡುತ್ತಾರೆ. ಹಾಗಾಗಿ ಯಂತ್ರವೇ ಬೇಕಾಯಿತು.

ಅಂಗಡಿಯಲ್ಲಿ ಮೂರು ಮಾದರಿಗಳಿದ್ದವು. ಐದಿಂಚಿನದು ಅಗ್ಗವಾಗಿತ್ತು, ಆದರೆ ಅದರ ಅಕ್ಷರ ಓದಲು ಕಾರು ನಿಲ್ಲಿಸಿ ಕನ್ನಡಕ ಒರೆಸಬೇಕಿತ್ತು. ಎರಡನೆಯದು ಮುಂದೆ ಎಷ್ಟು ವಾಹನ ನಿಂತಿವೆ, ಎಲ್ಲಿ ಕಾಫಿ ಸಿಗುತ್ತದೆ ಎಂದೆಲ್ಲ ಹೇಳುತ್ತಿತ್ತು, ನನ್ನ ಹೆಂಡತಿ ಅಷ್ಟನ್ನು ಈಗಾಗಲೇ ಹೇಳುತ್ತಾಳೆ. ತಮ್ಮ ಏಳಿಂಚಿನ ಯಂತ್ರದ ಡಬ್ಬಿಯ ಮೇಲೆ ಮಾತ್ರ 'ನಿಮಗೆ ಬೇಡವಾದ ಜಾಗಗಳನ್ನು ತಪ್ಪಿಸುತ್ತದೆ' ಎಂದು ಅಚ್ಚಾಗಿತ್ತು. ಅದನ್ನು ಓದಿ ನನ್ನ ಕಣ್ಣು ತುಂಬಿ ಬಂತೆಂದರೆ ತಾವು ನಂಬಲಿಕ್ಕಿಲ್ಲ. ಮಾರುತ್ತಿದ್ದ ಹುಡುಗಿ, "ಟೋಲ್, ಮಣ್ಣುರಸ್ತೆ, ಹೆದ್ದಾರಿ, ಏನ್ ಬೇಡ ಸರ್ ನಿಮಗೆ?" ಎಂದು ಕೇಳಿದಾಗ ನಾನು ತಗ್ಗಿದ ದನಿಯಲ್ಲಿ, ಮನುಷ್ಯರನ್ನು ತಪ್ಪಿಸಬಹುದೇ ಎಂದು ವಿಚಾರಿಸಿದೆ. ಬೆರಳಿನಿಂದ ಪರದೆಯ ಮೇಲೆ ಚೌಕ ಎಳೆದರೆ ಆ ಜಾಗಕ್ಕೆ ಯಂತ್ರ ಕಾಲಿಡುವುದಿಲ್ಲ, ಆದರೆ ಹತ್ತೇ ಚೌಕ, ಅದಕ್ಕಿಂತ ಹೆಚ್ಚು ಯಾರಿಗೂ ಬೇಕಾಗಿಲ್ಲ ಎಂದು ಆಕೆ ನಕ್ಕಳು. ಪಕ್ಕದಲ್ಲಿದ್ದ ನನ್ನ ಹೆಂಡತಿ ನಗಲಿಲ್ಲ.

ಮಾನ್ಯರೇ, ಹತ್ತು ಎಂಬ ಸಂಖ್ಯೆಯನ್ನು ತಮ್ಮ ಯಾವ ಎಂಜಿನಿಯರ್ ಯಾವ ಗಳಿಗೆಯಲ್ಲಿ ನಿಗದಿಪಡಿಸಿದನೋ, ಅವನಿಗೆ ಜಗಳವಾಡಲು ನೆಂಟರೇ ಇಲ್ಲವೆಂದು ಕಾಣುತ್ತದೆ. ಅವನ ದಯೆಯಿಂದ ಅಂದು ಸಂಜೆ ಊಟದ ಮೇಜಿನ ಸುತ್ತ ಕೂತು ನಾಲ್ಕು ಜನರನ್ನು ಕ್ಷಮಿಸಬೇಕಾಗಿ ಬಂತು. ಹೆಂಡತಿ ಅಧ್ಯಕ್ಷತೆ ವಹಿಸಿದಳು, ಮಗಳು ಪಟ್ಟಿ ಬರೆದುಕೊಂಡಳು. ಅರ್ಧಕ್ಕೇ ಚಿಕಿತ್ಸೆ ಬಿಟ್ಟುಬಂದಿದ್ದಕ್ಕೆ ನಾನು ಮುಖ ತಪ್ಪಿಸುತ್ತಿದ್ದ ಹಲ್ಲಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಊರು ಬಿಟ್ಟಿದ್ದಾರೆಂದು ಆಗ ತಿಳಿಯಿತು. ಅಂದರೆ ಎರಡು ವರ್ಷ ನಾನು ಒಂದು ಖಾಲಿ ಕಟ್ಟಡಕ್ಕೆ ಹೆದರಿ ಸುತ್ತು ಹಾಕಿದ್ದೆ. ಗ್ರಂಥಾಲಯವನ್ನು ಪುಸ್ತಕ ಹಿಂತಿರುಗಿಸುವ ಷರತ್ತಿನ ಮೇಲೆ ಬಿಟ್ಟೆವು, ಕ್ಷೌರಿಕನನ್ನು ಬೇಷರತ್ತಾಗಿ. ಹಳೆಯ ಮನೆಯ ಮಾಲೀಕನ ವಿಷಯದಲ್ಲಿ ಬಹಳ ಹೊತ್ತು ವಾದವಾಗಿ, ಜಗಳ ಯಾತಕ್ಕೆಂದು ಮೂವರಿಗೂ ನೆನಪಾಗದೆ, ಕೊನೆಗೆ ಅವನೂ ಪಾರಾದ. ಮಗಳು ಪಟ್ಟಿಯ ಮೊದಲನೇ ಹೆಸರಿನ ಮೇಲೆ ಪೆನ್ನಿಟ್ಟು, "ಅಪ್ಪಾ, ದೊಡ್ಡಪ್ಪ?" ಎಂದಳು. ಮೊದಲ ಚೌಕ ಅಲ್ಲಿಗೇ ಎಳೆ ಎಂದೆ.

ದೊಡ್ಡಪ್ಪ ಎಂದರೆ ನನ್ನ ಅಣ್ಣ. ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಅವನದು, ಅದರ ಹಿಂದೆಯೇ ಮನೆ. ಕೆಲಸ ಕಲಿಸಿದವನೂ ಅವನೇ. ಹನ್ನೊಂದು ವರ್ಷದ ಹಿಂದೆ ನಾನು ಅರ್ಧ ಗಂಟೆ ಕೂತು ಒಂದು ಯಂತ್ರದ ದಾರದ ಬಿಗಿ ಸರಿಮಾಡಿ ಗಿರಾಕಿಯ ಮುಂದೆ ಇಟ್ಟಾಗ, ಅವನು ಎದ್ದು ಬಂದು, ಆಕೆ ನೋಡುತ್ತಿರುವಂತೆಯೇ ತಿರುಪನ್ನು ಕಾಲು ಸುತ್ತು ತಿರುಗಿಸಿ ಹೋದ. ಹೊಲಿಗೆ ಮೊದಲಿಗಿಂತ ಚೆನ್ನಾಗಿ ಬಂತು, ಕ್ಷಮಿಸಲಾಗದ್ದು ಅದೇ. ಅಂದು ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಹೊರಬಿದ್ದವನು ಆ ರಸ್ತೆಗೆ ಮತ್ತೆ ಕಾಲಿಟ್ಟಿರಲಿಲ್ಲ. ನನ್ನ ಹೆಂಡತಿ ಅತ್ತಿಗೆಯೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆ, ನನಗೆ ಕೇಳಿಸದಿರಲೆಂದು ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ಮಾತಾಡುವಷ್ಟು ಸೂಕ್ಷ್ಮ ಅವಳಿಗಿದೆ.

ತಮ್ಮ ಯಂತ್ರ ಸೋಮವಾರದಿಂದ ಶುಕ್ರವಾರದವರೆಗೆ ಹತ್ತೂ ಚೌಕಗಳನ್ನು ನಿಷ್ಠೆಯಿಂದ ತಪ್ಪಿಸಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರುವ ದರ್ಜಿಯ ಮನೆಗೆ ನಲವತ್ತೇಳು ನಿಮಿಷದ ದಾರಿ ತೋರಿಸಿ, ಪೆಟ್ರೋಲು ಕುಡಿದು, ಒಂದು ಸಲವೂ ಗೊಣಗಲಿಲ್ಲ. ಇಂತಹ ವಿಧೇಯತೆಯನ್ನು ನಾನು ನನ್ನ ಮನೆಯಲ್ಲಿ ಕಂಡವನಲ್ಲ.

ಇವತ್ತು ಬೆಳಿಗ್ಗೆ ಅತ್ತಿಗೆಯ ಫೋನು ಬಂದಾಗ ನಲ್ಲಿ ಬಿಟ್ಟ ಸದ್ದು ಕೇಳಿಸಲಿಲ್ಲ. ಅಣ್ಣನಿಗೆ ಬಲಗೈ ಎತ್ತಲು ಬರುತ್ತಿಲ್ಲವಂತೆ. ಎರಡು ವಾರ ಆಸ್ಪತ್ರೆಯಲ್ಲಿದ್ದು ನಿನ್ನೆಯಷ್ಟೇ ಮನೆಗೆ ಬಂದನಂತೆ, ಒಂದು ಕಾಲೂ ಸರಿಯಾಗಿ ಊರಲಾಗುತ್ತಿಲ್ಲವಂತೆ. "ಅವನಿಗೆ ಬರೋಕೆ ಹೇಳು, ಅಷ್ಟು ಸಾಕು" ಎಂದಿದ್ದಾನಂತೆ. ಹೆಂಡತಿ ಇಷ್ಟನ್ನು ಹೇಳಿ ಮುಗಿಸಿ, ನನ್ನ ಉತ್ತರಕ್ಕೂ ಕಾಯದೆ ಕಾರಿನಲ್ಲಿ ಕೂತು, ತನ್ನ ಕೈಯಾರೆ ವಿಳಾಸ ಒತ್ತಿದಳು. ತಮ್ಮ ಯಂತ್ರದ ಹೆಣ್ಣುದನಿ, "ನೀವು ಹೋಗಬೇಕಾದ ಜಾಗ ತಪ್ಪಿಸಬೇಕಾದ ವಲಯದಲ್ಲಿದೆ, ಮುಂದುವರಿಯಬೇಕೇ?" ಎಂದು ಕೇಳಿತು. ಹನ್ನೊಂದು ವರ್ಷದಲ್ಲಿ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ನಾನು ಒಪ್ಪಿಗೆಯ ಗುಂಡಿ ಒತ್ತಿದ್ದು ನಮ್ಮ ಓಣಿಯಲ್ಲಿ ದಾರಿ ಸಿಗದೆ ಹಿಂದಿನ ಕಾರಿನವನು ಹಾರ್ನ್ ಬಾರಿಸಿದ ಗಡಿಬಿಡಿಯಲ್ಲಿ ಎಂಬುದನ್ನು ತಮ್ಮ ಕಡತದಲ್ಲಿ ದಾಖಲಿಸಿಕೊಳ್ಳಬೇಕು. ಒತ್ತಿದ್ದೇ ತಡ, ಏಳಿಂಚಿನ ಪರದೆಯ ತುಂಬ, ಹೆಂಡತಿಯ ಎದುರಿಗೇ, ಅದು ತೋರಿಸಿತು: ಮೂರು ನಿಮಿಷ.

ಮೂರು ನಿಮಿಷ, ಮಾನ್ಯರೇ! ಇದನ್ನು ಅಷ್ಟು ದಪ್ಪ ಅಕ್ಷರದಲ್ಲಿ ತೋರಿಸುವ ಅಗತ್ಯವಿತ್ತೇ? ಕೋಪಿಸಿಕೊಂಡ ತಮ್ಮಂದಿರಿಗಾಗಿ ತಾವು ಬೇರೆಯೇ ಮಾದರಿ ತಯಾರಿಸಬೇಕೆಂದು ವಿನಂತಿ. ಅದರಲ್ಲಿ ಅಣ್ಣನ ಮನೆ ಕಡಿಮೆಯೆಂದರೂ ಮೂರು ದಿನದ ದಾರಿಯಾಗಿರಲಿ, ನಡುವೆ ಒಂದು ಮುರಿದ ಸೇತುವೆಯೂ ಇರಲಿ. ಅತಿ ವೇಗದ ದಾರಿ, ಅತಿ ಹತ್ತಿರದ ದಾರಿ ಎಂಬವುಗಳ ಜೊತೆಗೆ 'ಮೊದಲು ಅವನೇ ಬರಲಿ' ಎಂಬ ಗುಂಡಿಯೂ ಇರಲಿ. ಸಾಧ್ಯವಾದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗುವ ದಾರಿಯೊಂದನ್ನು ಸೇರಿಸಿಕೊಡಿ, ನಕ್ಷೆಗಳನ್ನು ಜೀವನಪರ್ಯಂತ ಉಚಿತವಾಗಿ ಸರಿಪಡಿಸಿಕೊಡುತ್ತೇವೆಂದು ಡಬ್ಬಿಯ ಮೇಲೆ ತಾವೇ ಮಾತು ಕೊಟ್ಟಿದ್ದೀರಿ.

ಈಗ ನಾನು ಅಣ್ಣನ ಮನೆಯ ಗೇಟಿನ ಮುಂದಿದ್ದೇನೆ. "ನೀವು ತಲುಪಿದ್ದೀರಿ" ಎಂದು ಹೇಳಿ ಯಂತ್ರ ಕೈತೊಳೆದುಕೊಂಡಿತು. ಹೆಂಡತಿ ಇಳಿದು ಒಳಗೆ ಹೋಗಿ ಅರ್ಧ ಗಂಟೆಯಾಗಿದೆ. ತಮ್ಮ ಅರವತ್ತನಾಲ್ಕು ಪುಟದ ಕೈಪಿಡಿಯನ್ನು ಎರಡು ಸಲ ತಿರುವಿಹಾಕಿದೆ. ಬ್ಯಾಟರಿ ಉಬ್ಬಿದರೆ ಏನು ಮಾಡಬೇಕೆಂದಿದೆ, ಗಾಜಿಗೆ ಅಂಟುವ ರಬ್ಬರನ್ನು ಹೇಗೆ ತೊಳೆಯಬೇಕೆಂದಿದೆ, ತಲುಪಿದ ಮೇಲೆ ಬಾಗಿಲಲ್ಲಿ ನಿಂತು ಮೊದಲು ಯಾವ ಮಾತು ಆಡಬೇಕೆಂದು ಎಲ್ಲೂ ಇಲ್ಲ. ನನಗೆ ಭಯವಾಗುತ್ತಿದೆ. ಇದನ್ನು ಮುಂದಿನ ಮುದ್ರಣದಲ್ಲಾದರೂ ಸೇರಿಸುವಿರೆಂದು ನಂಬಿ, ಎಂಜಿನ್ ಆರಿಸಿ ಕೂತಿರುವ,

ತಮ್ಮ ವಿಶ್ವಾಸಿ,
ಹೊಲಿಗೆ ಯಂತ್ರ ರಿಪೇರಿಯವನು

ಮರೆತ ಮಾತು: ಮೇಲಿನದಕ್ಕೆಲ್ಲ ತಾವು ನಿಧಾನವಾಗಿ ಉತ್ತರಿಸಬಹುದು, ಇದೊಂದಕ್ಕೆ ಮಾತ್ರ ಈಗಲೇ ಬೇಕು. ನಿಷೇಧಿತ ಚೌಕದೊಳಗೆ ನಿಂತಿದ್ದೇನೆಂದು ತಮ್ಮ ಯಂತ್ರಕ್ಕೆ ತಡವಾಗಿ ಹೊಳೆದಿರಬೇಕು, ಅರ್ಧ ನಿಮಿಷಕ್ಕೊಮ್ಮೆ "ತಪ್ಪಿಸಬೇಕಾದ ವಲಯದಲ್ಲಿದ್ದೀರಿ, ಹಿಂದಕ್ಕೆ ತಿರುಗಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದೆ. ಇದರ ಬಾಯಿ ಮುಚ್ಚಿಸುವ ಗುಂಡಿ ಎಲ್ಲಿದೆ, ದಯವಿಟ್ಟು ಬೇಗ ತಿಳಿಸಿ. ಅಣ್ಣ ಗೇಟು ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಕಾರಿನ ಕಡೆಗೆ ಬರುತ್ತಿದ್ದಾನೆ.